ಠಾಣೆಯ ವಾಗಳೆ ಕೈಗಾರಿಕಾ ಎಸ್ಟೇಟಿನ ಲೆಕ್ಕದ ಸಾಹೇಬರು ತೀರಿಕೊಂಡರು: ಅವರನ್ನು ಬಲ್ಲವರು ಬರೆಯಿರಿ

ಹಳೆಯ ಸಹೋದ್ಯೋಗಿ, ಠಾಣೆ

ಕಳೆದ ವಾರ ನಮ್ಮ ಸಾಹೇಬರು ತೀರಿಕೊಂಡರು. ಎಂಬತ್ತೇಳು ವರ್ಷವಾಗಿತ್ತು. ಪತ್ರಿಕೆಯ ನಿಧನ ವಾರ್ತೆಯಲ್ಲಿ ಅವರಿಗೆ ಸಿಕ್ಕಿದ್ದು ಮೂರು ಸಾಲು: ಎಂಜಿನಿಯರಿಂಗ್ ಕಂಪನಿಯೊಂದರ ನಿವೃತ್ತ ಹಣಕಾಸು ನಿರ್ದೇಶಕರು, ಮೂಲತಃ ಕುಮಟಾದವರು, ಮಗಳು, ಮಗ ಮತ್ತು ಮೊಮ್ಮಕ್ಕಳನ್ನು ಅಗಲಿದ್ದಾರೆ. ಬರೆದದ್ದೆಲ್ಲ ನಿಜ. ಆದರೆ ಅವರು ಎಂಥವರು ಎಂಬುದು ಅದರಲ್ಲಿ ಎಲ್ಲಿಯೂ ಇಲ್ಲ. ಅದಕ್ಕಾಗಿಯೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಭಾವಚಿತ್ರ ಯಾವುದನ್ನೂ ಹಾಕಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಬಲ್ಲವರಿಗೆ ಯಾರೆಂದು ಹೇಳಬೇಕಾಗಿಯೂ ಇಲ್ಲ.

ಅವರು ಊರು ಬಿಟ್ಟಾಗ ಉತ್ತರ ಕನ್ನಡ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1 ಬರಲು ಸ್ವಲ್ಪ ಕಾಲವಿತ್ತು. ಹೊಟ್ಟೆಪಾಡಿಗೆ ಮುಂಬಯಿಗೆ ಹೋಗುವುದೆಂದರೆ ಆಗ ಕುಮಟಾದ ಹುಡುಗನಿಗೆ ತನ್ನದೇ ರಾಜ್ಯದ ರಾಜಧಾನಿಗೆ ಹೋದಂತೆ. ಕೊಂಕಣ ರೈಲು ಯಾರ ಕನಸಿನಲ್ಲೂ ಇರಲಿಲ್ಲ. ಘಟ್ಟ ಹತ್ತಿ ಹುಬ್ಬಳ್ಳಿ, ಅಲ್ಲಿಂದ ಮೀಟರ್ ಗೇಜ್ ರೈಲಿನಲ್ಲಿ ಪುಣೆ, ಅಲ್ಲಿ ಗಾಡಿ ಬದಲಿಸಿ ದಾದರ್. ಮಾಟುಂಗಾದ ಹೋಟೆಲೊಂದರಲ್ಲಿ ಲೋಟ ತೊಳೆಯುವ ಕೆಲಸ, ರಾತ್ರಿ ಮುಂಬಯಿಯ ಕೋಟೆ (ಫೋರ್ಟ್) ಭಾಗದ ಕನ್ನಡ ರಾತ್ರಿ ಶಾಲೆ. ಮೆಟ್ರಿಕ್ ಆದ ಮೇಲೆ ಸಿದ್ಧಾರ್ಥ ಕಾಲೇಜು. ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಆರಂಭಿಸಿದ ಆ ಕಾಲೇಜಿನಲ್ಲಿ ದುಡಿಯುವ ಹುಡುಗರಿಗಾಗಿ ಬೆಳಗಿನ ತರಗತಿಗಳಿದ್ದವು. ಪಾಠ ಮುಗಿಸಿ ಹತ್ತು ಗಂಟೆಗೆ ಕಚೇರಿಯಲ್ಲಿ ಟೈಪ್‌ರೈಟರ್ ಮುಂದೆ ಕೂರಬಹುದಿತ್ತು. ಮುಂಬಯಿಯಲ್ಲಿ ಗುಮಾಸ್ತರಾಗಿ ಮೇಲೆ ಬಂದ ಒಂದು ತಲೆಮಾರಿನ ಕನ್ನಡಿಗರು ಆ ಕಾಲೇಜಿಗೆ ಎಷ್ಟು ಋಣಿಗಳು ಎಂದು ನಾವು ಹೇಳಿಕೊಳ್ಳುವುದು ಕಡಿಮೆ. ಅವರು ಮಾತ್ರ ಹೇಳುತ್ತಲೇ ಇದ್ದರು.

ನಾನು ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಅವರ ವಿಭಾಗಕ್ಕೆ ಸೇರಿದೆ. ಕಂಪನಿ ಬ್ರಿಟಿಷರದು. 1973ರ ವಿದೇಶಿ ವಿನಿಮಯ ಕಾಯಿದೆ ಬಂದು, ವಿದೇಶಿ ಪಾಲನ್ನು ನೂರಕ್ಕೆ 40ಕ್ಕೆ ಇಳಿಸಬೇಕಾಗಿ ಬಂದ ಕಾಲ ಅದು. ಬಿಳಿಯ ಅಧಿಕಾರಿಗಳು ಒಬ್ಬೊಬ್ಬರಾಗಿ ಹೊರಟುಹೋದರು, ಅವರ ಕುರ್ಚಿಗಳಿಗೆ ನಮ್ಮವರು ಬಂದರು. ಸಾಹೇಬರು ಮೇಲೇರಿದ್ದು ಆ ಅಲೆಯಲ್ಲಿ. ಅವಕಾಶ ಕಾಲದ್ದು, ಯೋಗ್ಯತೆ ಅವರದು.

ಅವರ ಮೇಜಿನಲ್ಲಿ ಯಾವ ವೋಚರಿಗೂ ಒಂದೇ ಪ್ರಶ್ನೆ: "ಇದು ಯಾರ ಕೈ ಸೇರುತ್ತದೆ?" ಮೊತ್ತ ಸರಿಯಿದೆಯೇ ಎಂದು ನೋಡಲು ನಾವಿದ್ದೆವು, ಆಡಿಟರುಗಳಿದ್ದರು. ಯಾರ ಕೈ ಸೇರುತ್ತದೆ ಎಂದು ಕೇಳುವವರು ಅವರೊಬ್ಬರೇ.

ಒಂದು ಪ್ರಕರಣ ಹೇಳಲೇಬೇಕು. ನಮ್ಮ ಫಿಟ್ಟರ್ ಒಬ್ಬ ಕಳವಾ ಮತ್ತು ಮುಂಬ್ರಾ ನಡುವೆ ಲೋಕಲ್ ರೈಲಿನಿಂದ ಬಿದ್ದು ಸತ್ತ. ಭವಿಷ್ಯ ನಿಧಿಯ (ಪಿ.ಎಫ್.) ಕಡತ ತೆಗೆದರೆ, ಸತ್ತ ಮೇಲೆ ಹಣ ಯಾರಿಗೆ ಎಂದು ಬರೆಯುವ ನಾಮನಿರ್ದೇಶನದಲ್ಲಿ ಅಣ್ಣನ ಹೆಸರು. ಕೆಲಸಕ್ಕೆ ಸೇರಿದಾಗ ಅವನಿಗೆ ಮದುವೆಯಾಗಿರಲಿಲ್ಲ, ಬಳಿಕ ಯಾರೂ ಬದಲಿಸಲಿಲ್ಲ. ಅಣ್ಣ ಕಾಗದಪತ್ರ ಹಿಡಿದು ಬಂದೇ ಬಿಟ್ಟ. ಹೆಂಡತಿ ಎರಡು ಸಣ್ಣ ಮಕ್ಕಳೊಂದಿಗೆ ಸಾತಾರಾ ಕಡೆಯ ಹಳ್ಳಿಯಲ್ಲಿದ್ದಳು. ತನಗೆ ಬರಬೇಕಾದದ್ದು ಇದೆಯೆಂದೇ ಆಕೆಗೆ ತಿಳಿದಿರಲಿಲ್ಲ. ಗುಮಾಸ್ತರು ಅಣ್ಣನ ಹೆಸರಿಗೆ ಅರ್ಜಿ ಸಿದ್ಧಪಡಿಸಿದ್ದರು. ಸಾಹೇಬರು ಸಹಿ ಹಾಕಲಿಲ್ಲ. ಭವಿಷ್ಯ ನಿಧಿಯ 1952ರ ಯೋಜನೆಯ ಪುಸ್ತಕ ತರಿಸಿ ಪುಟ ತೆರೆದು ತೋರಿಸಿದರು: ಕುಟುಂಬ ಇಲ್ಲದಿದ್ದಾಗ ಬೇರೆಯವರ ಹೆಸರಿಗೆ ಮಾಡಿದ ನಾಮನಿರ್ದೇಶನ, ಮದುವೆಯಾಗಿ ಕುಟುಂಬ ಬಂದ ಕ್ಷಣವೇ ಅಸಿಂಧು. ಆಳು ಕಳುಹಿಸಿ ಆ ಹೆಣ್ಣುಮಗಳನ್ನು ಕರೆಸಿ, ಬ್ಯಾಂಕ್ ಖಾತೆ ತೆಗೆಸಿ, ಹಣ ಅವಳ ಹೆಸರಿಗೆ ಬಂದ ಮೇಲೆಯೇ ಕಡತ ಮುಚ್ಚಿದರು. ಆ ಮಳೆಗಾಲವಿಡೀ ನಾವು ಕಾರ್ಖಾನೆಯ ಒಬ್ಬೊಬ್ಬ ಕೆಲಸಗಾರನ ನಾಮನಿರ್ದೇಶನ ಪತ್ರವನ್ನೂ ಪರಿಶೀಲಿಸಿದೆವು. ತಾಯಿ, ಅಣ್ಣ, ಸೋದರಮಾವ, ತೀರಿಹೋದ ತಂದೆ, ಹೀಗೆ ಎಷ್ಟು ಕಡತಗಳಲ್ಲಿ ಎಷ್ಟೊಂದು ಹಳೆಯ ಹೆಸರುಗಳು! ಇದಕ್ಕಾಗಿ ಅವರಿಗೆ ಬಡ್ತಿ ಸಿಗಲಿಲ್ಲ, ವಾರ್ಷಿಕ ವರದಿಯಲ್ಲೂ ಅದು ಬರಲಿಲ್ಲ. ನನ್ನ ಮಟ್ಟಿಗೆ ಅವರ ವೃತ್ತಿಜೀವನದ ದೊಡ್ಡ ಕೆಲಸ ಅದೇ.

ಗೊತ್ತಿರುವವರು ಬರೆಯಿರಿ.

ಮುಲುಂಡ್‌ನ ಶಿಕ್ಷಕಿ

ನಮ್ಮ ಅಪ್ಪ ಆ ಕಾರ್ಖಾನೆಯಲ್ಲಿ ಟರ್ನರ್, ಅಂದರೆ ಲೇತ್ ಯಂತ್ರದ ಕೆಲಸಗಾರ, ಆಗಿದ್ದರು. ಘಟಕ ಮುಚ್ಚುವಾಗ ಸ್ವಯಂ ನಿವೃತ್ತಿ ಎಂದು ಬರೆಸಿಕೊಂಡರು. ಹೆಸರಿಗೆ ಸ್ವಯಂ, ಬೇರೆ ದಾರಿ ಇರಲಿಲ್ಲ.

ಚೆಕ್ ಕೊಡುವ ದಿನ ಪ್ರತಿಯೊಬ್ಬರೂ ಹೆಂಡತಿಯನ್ನು ಕರೆದುಕೊಂಡೇ ಬರಬೇಕು ಎಂದು ಸಾಹೇಬರು ಹೇಳಿಕಳುಹಿಸಿದ್ದರು. ಅಪ್ಪನಿಗೆ ಅವಮಾನವಾಯಿತು. ಗಂಡಸರ ಹಣದ ವಿಷಯದಲ್ಲಿ ಹೆಂಗಸರಿಗೇನು ಕೆಲಸ ಎಂದು ಹಿಂದಿನ ರಾತ್ರಿಯೆಲ್ಲ ಕೂಗಾಡಿದ್ದು ನನಗೆ ನೆನಪಿದೆ. ಅಮ್ಮ ಒಳ್ಳೆಯ ಸೀರೆ ಉಟ್ಟು ಹೋದಳು, ನಾನೂ ಜೊತೆಗಿದ್ದೆ. ಕ್ಯಾಂಟೀನಿನಲ್ಲಿ ಬೆಂಚು ಹಾಕಿದ್ದರು. ಸಾಹೇಬರು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೆಂಗಸರನ್ನು ಉದ್ದೇಶಿಸಿಯೇ ಮಾತನಾಡಿದರು. ಇಷ್ಟು ಗ್ರಾಚ್ಯುಯಿಟಿ (ಸೇವೆಯ ವರ್ಷಗಳಿಗೆ ತಕ್ಕಂತೆ ಕೊನೆಗೆ ಸಿಗುವ ಇಡಿಗಂಟು), ಇಷ್ಟು ಭವಿಷ್ಯ ನಿಧಿ, ಇಷ್ಟು ಪರಿಹಾರ ಎಂದು ಬಿಡಿಸಿ ಹೇಳಿದರು. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯ ಅರ್ಜಿಗಳನ್ನು ತರಿಸಿಟ್ಟಿದ್ದರು. "ರಿಕ್ಷಾ ಕೊಳ್ಳುವವರು ಕೊಳ್ಳಿ, ಊರಲ್ಲಿ ಮನೆ ಕಟ್ಟುವವರು ಕಟ್ಟಿ. ಆದರೆ ಒಂದು ಪಾಲು ತಿಂಗಳು ತಿಂಗಳು ಮನೆಗೆ ಬರುವ ಹಾಗೆ ಇಡಿ, ಅದು ತಾಯಿಯ ಹೆಸರಲ್ಲಿರಲಿ" ಎಂದರು.

ಅಮ್ಮ ಅಲ್ಲಿಯೇ ಅರ್ಜಿ ತುಂಬಿದಳು. ನನ್ನ ಡಿ.ಎಡ್. ಶುಲ್ಕ ಆ ಬಡ್ಡಿಯಿಂದ ಬಂದದ್ದು. ಅಪ್ಪ ಕೊನೆಯವರೆಗೂ ಸಾಹೇಬರನ್ನು ಕ್ಷಮಿಸಲಿಲ್ಲ. ಅಮ್ಮ ಮಾತ್ರ ಪ್ರತಿ ದೀಪಾವಳಿಗೆ ಅವರ ಮನೆಗೆ ಚಕ್ಕುಲಿ ಕಳುಹಿಸುತ್ತಿದ್ದಳು. ಇಬ್ಬರಿಗೂ ಅವರವರ ಕಾರಣಗಳಿದ್ದವು.

ಕಾರ್ಮಿಕ ಸಂಘದ ಹಳೆಯ ಸದಸ್ಯ, ಕಲ್ಯಾಣ್

ಎಲ್ಲರೂ ಹೊಗಳುತ್ತಿದ್ದೀರಿ, ಹೊಗಳಿ. ಇನ್ನೊಂದು ಮಾತೂ ಇಲ್ಲಿ ದಾಖಲಾಗಬೇಕು. ಆ ಘಟಕ ಮುಚ್ಚಿದ ಕಾಗದಗಳ ಮೇಲೆ ಅವರ ಸಹಿಯಿತ್ತು.

1982ರ ಜನವರಿ 18ರಂದು ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು, ಮುಂಬಯಿಯ ಗಿರಣಿಗಳ ಪ್ರದೇಶವಾದ ಗಿರಣಗಾಂವ್ ಮತ್ತೆ ಏಳಲಿಲ್ಲ. ನಮ್ಮದು ಬಟ್ಟೆಯ ಗಿರಣಿಯಲ್ಲ, ಆದರೂ ಮಾಲೀಕರು ಅದರಿಂದ ಕಲಿತ ಪಾಠ ಠಾಣೆ, ಬೇಲಾಪುರದವರೆಗೆ ಬಂತು: ಮುಂಬಯಿಯಲ್ಲಿ ಯಂತ್ರಕ್ಕಿಂತ ಅದರ ಕೆಳಗಿನ ನೆಲಕ್ಕೆ ಬೆಲೆ ಹೆಚ್ಚು. ನಮ್ಮ ಶೆಡ್ ಇದ್ದ ಜಾಗದಲ್ಲಿ ಈಗ ಗಾಜಿನ ಕಟ್ಟಡವಿದೆ. ಸಾಹೇಬರು ನಮಗೆ ಬರಬೇಕಾದ ಹಣವನ್ನು ಒಂದು ಪೈಸೆಯೂ ಕಡಿಮೆಯಾಗದಂತೆ ಕೊಡಿಸಿದರು, ಒಪ್ಪುತ್ತೇನೆ. ಆದರೆ ಕೆಲಸವೇ ಹೋದ ಮೇಲೆ ಪೈಸೆಯ ಲೆಕ್ಕ ಎಷ್ಟು ಸರಿಯಿದ್ದರೇನು? ನಲವತ್ತೈದು ದಾಟಿದ ಟರ್ನರಿಗೆ ಇನ್ನೆಲ್ಲಿ ಕೆಲಸ ಸಿಗುತ್ತದೆ? ನನ್ನ ಜೊತೆಯವರಲ್ಲಿ ಕೆಲವರು ಕಾವಲುಗಾರರಾದರು, ಇನ್ನು ಕೆಲವರು ಕುಡಿತಕ್ಕೆ ಬಿದ್ದರು.

ನನ್ನ ಪಿಂಚಣಿ ಅರ್ಜಿಯನ್ನು ತುಂಬಿಕೊಟ್ಟವರೂ ಅವರೇ. ಅವರ ಎದುರಿಗೆ ಕುಳಿತು ಇದೇ ಮಾತನ್ನು ಹೇಳಿದ್ದೇನೆ. ಅವರು ಕೇಳಿಸಿಕೊಂಡರು, ವಾದಿಸಲಿಲ್ಲ. ಹಾಗಾಗಿ ಅವರು ಹೋದ ಮೇಲೆ ಹೇಳುತ್ತಿದ್ದೇನೆಂದು ಯಾರೂ ಭಾವಿಸಬಾರದು.

ಹಳೆಯ ಸಹೋದ್ಯೋಗಿ, ಠಾಣೆ

ಕಲ್ಯಾಣದ ಅಣ್ಣನವರಿಗೆ: ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಘಟಕ ಮುಚ್ಚುವ ತೀರ್ಮಾನವನ್ನು ಅವರು ತೆಗೆದುಕೊಳ್ಳಲಿಲ್ಲ, ತಡೆಯಲೂ ಇಲ್ಲ. ತಡೆಯುವ ಶಕ್ತಿ ಆ ಕುರ್ಚಿಗೆ ಇತ್ತೆಂದು ನನಗೆ ಅನ್ನಿಸುವುದಿಲ್ಲ. ರಾಜೀನಾಮೆ ಕೊಡಬಹುದಿತ್ತು ಎಂದು ಆಗಲೂ ಕೆಲವರು ಆಡಿಕೊಂಡರು. ಕೊಟ್ಟಿದ್ದರೆ ಅವರ ಹೆಸರು ಶುದ್ಧವಾಗಿ ಉಳಿಯುತ್ತಿತ್ತು. ಆ ಕ್ಯಾಂಟೀನಿನಲ್ಲಿ ಬೆಂಚು ಹಾಕಿಸುವವರು ಮಾತ್ರ ಯಾರೂ ಇರುತ್ತಿರಲಿಲ್ಲ. ಹೆಸರು ಉಳಿಸಿಕೊಳ್ಳುವುದಕ್ಕಿಂತ ಉಳಿದು ಕೆಲಸ ಮಾಡುವುದು ಮೇಲು ಎಂದು ನಾನು ನಂಬುತ್ತೇನೆ. ನೀವು ಒಪ್ಪದಿರಬಹುದು, ಒಪ್ಪಬೇಕೆಂದೂ ಇಲ್ಲ.

ಮಾಟುಂಗಾದ ಹೋಟೆಲಿನವರು

ಭಾವೂದಾಜಿ ರಸ್ತೆಯ ಮೈಸೂರು ಅಸೋಸಿಯೇಶನ್‌ನಲ್ಲಿ ನಾಟಕವಿದ್ದ ದಿನಗಳಲ್ಲಿ ಸಾಹೇಬರು ಮೊದಲು ನಮ್ಮಲ್ಲಿಗೆ ಬರುತ್ತಿದ್ದರು. ಒಂದು ಪ್ಲೇಟ್ ಇಡ್ಲಿ, ಒಂದು ಕಾಫಿ. ತಿಂದಾದ ಮೇಲೆ ಅಡುಗೆಮನೆಯ ಕಡೆ ಹೋಗಿ ಹುಡುಗರನ್ನು ಮಾತನಾಡಿಸುವುದು ಅವರ ಪದ್ಧತಿ.

ನಮ್ಮ ಹಿರಿಯ ಅಡುಗೆಯವರು ಊರಿಗೆ ಹೊರಟು ನಿಂತಾಗ ತಂದೆಯವರು ಒಂದು ಧೋತರ, ಒಂದಷ್ಟು ಹಣ ಕೊಟ್ಟು ಕಳುಹಿಸುವುದೆಂದು ಇದ್ದರು. ಆಗೆಲ್ಲ ಹಾಗೆಯೇ. ಸಾಹೇಬರು ಗಲ್ಲಾದ ಬಳಿ ಬಂದು, ತಂದೆಯವರಿಗೆ ಮಾತ್ರ ಕೇಳಿಸುವಂತೆ ಹೇಳಿದರು: ಹತ್ತು ಜನಕ್ಕಿಂತ ಕಡಿಮೆಯಿಲ್ಲದ ಕಡೆ 1972ರ ಗ್ರಾಚ್ಯುಯಿಟಿ ಕಾಯಿದೆ ಅನ್ವಯಿಸುತ್ತದೆ, ಇದು ದಾನವಲ್ಲ, ಅವರ ಹಕ್ಕು. ತಂದೆಯವರಿಗೆ ಸಿಟ್ಟು ಬಂತು. ನಮ್ಮ ಹೋಟೆಲಿನಲ್ಲಿ ನಮಗೇ ಕಾನೂನು ಹೇಳುವುದೇ ಎಂದು ಕೆಲವು ವಾರ ಮಾತು ಬಿಟ್ಟರು. ಆಮೇಲೆ ಲೆಕ್ಕ ಹಾಕಿ ಪೂರ್ತಿ ಕೊಟ್ಟರು. ಅಂದಿನಿಂದ ಇಂದಿನವರೆಗೆ ನಮ್ಮಲ್ಲಿ ಅದು ತಪ್ಪಿಲ್ಲ. ನಮ್ಮ ಉಡುಪಿ ಹೋಟೆಲುಗಳ ಊಟದ ರುಚಿಯ ಬಗ್ಗೆ ಎಷ್ಟೋ ಬರೆಯುತ್ತಾರೆ. ಅಡುಗೆಯವರು ಮುದುಕರಾಗಿ ಊರಿಗೆ ಹೋಗುವಾಗ ಏನು ಒಯ್ದರು ಎಂಬುದನ್ನೂ ಯಾರಾದರೂ ಬರೆಯಬೇಕು.

ಡೊಂಬಿವಲಿಯ ನಿವೃತ್ತ

ಅವರ ಎಲ್ಲ ಸಲಹೆಗಳೂ ಫಲಿಸಲಿಲ್ಲ, ಅದನ್ನೂ ಹೇಳಬೇಕು. ಸರ್ಕಾರದ್ದೇ ಎಂದು ಇಡೀ ದೇಶ ನಂಬಿದ್ದ ಯೂನಿಟ್ ಟ್ರಸ್ಟಿನ ಯುಎಸ್-64 ಉಳಿತಾಯ ಯೋಜನೆಯಲ್ಲಿ ಹಣ ಹಾಕಿ ಎಂದು ನಮಗೆ ಹಲವರಿಗೆ ಹೇಳಿದ್ದರು. 2001ರ ಜುಲೈನಲ್ಲಿ ಹಣ ಹಿಂತೆಗೆಯುವುದನ್ನೇ ನಿಲ್ಲಿಸಿದರು. ನನ್ನ ಮಗಳ ಮದುವೆ ಗೊತ್ತಾಗಿತ್ತು. ಸಾಹೇಬರು ಮಳೆಯಲ್ಲಿ ಛತ್ರಿ ಹಿಡಿದು ಮನೆಗೆ ಬಂದರು. "ನನ್ನ ಮಾತಿನ ಮೇಲೆ ಹಾಕಿದ್ದೀರಿ, ಮದುವೆ ನಿಲ್ಲಬಾರದು" ಎಂದು ತಮ್ಮ ಠೇವಣಿ ಮುರಿದು ಸಾಲ ಕೊಟ್ಟರು, ಬಡ್ಡಿ ಕೇಳಲಿಲ್ಲ. 2003ರಲ್ಲಿ ಆ ಯೂನಿಟ್‌ಗಳು ನೂರಕ್ಕೆ 6.75 ಬಡ್ಡಿಯ ಬಾಂಡುಗಳಾದವು, 2008ರಲ್ಲಿ ಹಣ ಬಂತು, ತೀರಿಸಿದೆ. ನಾನೊಬ್ಬನೇ ಅಲ್ಲ, ಅವರು ಹೀಗೆ ಹೋದ ಮನೆಗಳು ಬೇರೆಯೂ ಇವೆ.

ಮಗಳು, ಪುಣೆ

ಎಲ್ಲರ ಬರಹಗಳನ್ನೂ ಓದುತ್ತಿದ್ದೇನೆ. ತಮ್ಮನಿಗೂ ಓದಿ ಹೇಳಿದೆ. ಕಲ್ಯಾಣದ ಕಾಕಾ ಬರೆದದ್ದನ್ನು ಅಳಿಸಬೇಡಿ. ಅಪ್ಪ ಇದ್ದಿದ್ದರೆ ಅದನ್ನೇ ಮೊದಲು ಓದುತ್ತಿದ್ದರು.

ಒಳ್ಳೆಯ ಸಂಸಾರಿ ಎಂದು ಅನೇಕರು ನನಗೆ ಫೋನಿನಲ್ಲಿ ಹೇಳಿದರು. ನಿಜ ಹೇಳಬೇಕೆಂದರೆ, ನಮ್ಮ ಬಾಲ್ಯದಲ್ಲಿ ಅಪ್ಪ ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ಮೊದಲು ಅವರ ಕಂಪನಿಯ ಲೆಕ್ಕ ಡಿಸೆಂಬರಿಗೆ ಮುಗಿಯುತ್ತಿತ್ತು, ಕ್ರಿಸ್ಮಸ್ ರಜೆಯಲ್ಲಿ ನಾವು ಅವರನ್ನು ಕಾಣುತ್ತಿರಲಿಲ್ಲ. 1989ರಿಂದ ಆದಾಯ ತೆರಿಗೆಗೆ ಎಲ್ಲರಿಗೂ ಮಾರ್ಚ್ 31 ಎಂದಾಯಿತು, ಅಲ್ಲಿಗೆ ಯುಗಾದಿಯೂ ಹೋಯಿತು. ಅಮ್ಮ ಬೆಳಗಿನ ಐದಕ್ಕೆ ನಮ್ಮನ್ನು ಎಬ್ಬಿಸಿ, ಅಪ್ಪ ಹೊರಡುವ ಮೊದಲೇ ಬೇವು ಬೆಲ್ಲ ಕೊಡಿಸುತ್ತಿದ್ದಳು. ನಿದ್ದೆಗಣ್ಣಿನಲ್ಲಿ ತಿಂದ ಬೇವು ಬಹಳ ಕಹಿಯಾಗಿರುತ್ತದೆ.

ಮನೆಯನ್ನು ನಡೆಸಿದವಳು ಅಮ್ಮ. ಕೋಟಿಗಳ ಲೆಕ್ಕ ನೋಡುವ ಗಂಡ ತಿಂಗಳ ಸಂಬಳವನ್ನು ಲಕೋಟೆಯೊಡನೆ ಅವಳ ಕೈಗೆ ಕೊಟ್ಟು, ಲೋಕಲ್ ಪಾಸಿಗೆ ಬೇಕಾದ್ದನ್ನು ಅವಳಿಂದ ಕೇಳಿ ಪಡೆಯುತ್ತಿದ್ದರು. ಮೊದಲು ಖೋಲಿ, ಆಮೇಲೆ ಫ್ಲಾಟ್, ಎರಡೂ ಅವಳ ಹೆಸರಲ್ಲಿ. ಊರಿನ ಅಜ್ಜಿಗೆ ಹೋಗುವ ಮನಿ ಆರ್ಡರಿನ ಚೀಟಿಯ ಕೆಳಭಾಗದಲ್ಲಿ ನಾಲ್ಕು ಸಾಲು ಬರೆಯುವುದನ್ನು ಮಾತ್ರ ಅಪ್ಪ ಬೇರೆ ಯಾರಿಗೂ ಬಿಡಲಿಲ್ಲ. ಚಿಕ್ಕಪ್ಪಂದಿರ ಓದು, ಅತ್ತೆಯ ಮದುವೆ ಎಲ್ಲ ಆ ಸಂಬಳದಲ್ಲೇ ಆಯಿತು. ನಮಗೆ ಹೊಸ ಬಟ್ಟೆ ವರ್ಷಕ್ಕೊಮ್ಮೆ. ಆಗ ನನಗೆ ಅದರ ಬಗ್ಗೆ ಅಸಮಾಧಾನವಿತ್ತು, ದೊಡ್ಡವಳಾದ ಮೇಲೆ ಅಪ್ಪನಿಗೆ ಹೇಳಿಯೂ ಇದ್ದೇನೆ.

ಅವರು ನಮಗೆ ಸಿಕ್ಕಿದ್ದು ನಿವೃತ್ತಿಯ ಮೇಲೆ. ಅಮ್ಮನಿಗೆ ಪಾರ್ಶ್ವವಾಯು ಆಗಿ ಬಲಗೈ ನಿಂತಾಗ ಅಪ್ಪ ಅಡುಗೆ ಕಲಿತರು. ಅಮ್ಮ ಕುರ್ಚಿಯಲ್ಲಿ ಕುಳಿತು ಹೇಳುವುದು, ಇವರು ಮಾಡುವುದು. ತಂಬುಳಿಗೆ ಒಗ್ಗರಣೆ ಹೆಚ್ಚಾಯಿತು ಎಂದು ಬೈಸಿಕೊಳ್ಳುವುದು. ಸ್ನಾನ, ಬಟ್ಟೆ, ಔಷಧ ಎಲ್ಲ ಅವರೇ. ಹೋಮ್ ನರ್ಸ್ ಇಡೋಣ ಎಂದು ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ಅಮ್ಮ ಹೋಗುವವರೆಗೂ ಹೀಗೆಯೇ ನಡೆಯಿತು. ಸಂಸಾರಿ ಎಂಬ ಮಾತು ಅವರಿಗೆ ಒಪ್ಪುವುದಾದರೆ ಆ ವರ್ಷಗಳಿಗಾಗಿ.

ಅವರ ವಸತಿ ಸೊಸೈಟಿಯ ನೆರೆಯವರು

2005ರ ಜುಲೈ 26, ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ. ಕೆಳಮಹಡಿಯ ನಾಲ್ಕು ಸಂಸಾರಗಳು ಆ ರಾತ್ರಿ ಅವರ ಮನೆಯಲ್ಲೇ ಇದ್ದವು. ಮರುದಿನ ಎಲ್ಲರ ನೆನೆದ ಕಾಗದಗಳನ್ನು ಬಾಲ್ಕನಿಯ ಹಗ್ಗದ ಮೇಲೆ ಕ್ಲಿಪ್ ಹಾಕಿ ಒಣಗಿಸಿದರು. ಅಂಕಪಟ್ಟಿ, ಪಡಿತರ ಚೀಟಿ, ವಿಮೆಯ ಪಾಲಿಸಿ. ನಾವು ಅಕ್ಕಿ ಬೇಳೆ ಹೋಯಿತೆಂದು ಅಳುತ್ತಿದ್ದೆವು. ಅವರಿಗೆ ಕಾಗದದ್ದೇ ಚಿಂತೆ. ಪರಿಹಾರದ ಅರ್ಜಿ ಹಾಕುವಾಗ ಆ ಚಿಂತೆ ಏಕೆಂದು ತಿಳಿಯಿತು.

ಐರೋಲಿಯ ಯುವಕ

ನಾನು ಅವರನ್ನು ನೋಡಿಲ್ಲ. ಅಜ್ಜ ಹೇಳುತ್ತಿದ್ದರು. ಭಾನುವಾರ ಕನ್ನಡ ಸಂಘದಲ್ಲಿ ಕುಳಿತು ಅವರು ನಿಜವಾಗಿ ಏನು ಮಾಡುತ್ತಿದ್ದರು? ಈಗ ಎಲ್ಲವೂ ಮೊಬೈಲಿನಲ್ಲಿ ಆಗುತ್ತದಲ್ಲ?

ಭಾನುವಾರದ ಜೊತೆಗಾರ

ತಮ್ಮಾ, ಕೇಳಿದ್ದು ಒಳ್ಳೆಯದಾಯಿತು.

ಸಭಾಗೃಹದ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಬೆಳಗಿನ ಒಂಬತ್ತರಿಂದ. ಬರುವವರು ಹೋಟೆಲಿನವರು, ಕಾವಲುಗಾರರು, ಗಿರಣಿ ಕಾರ್ಮಿಕರ ವಿಧವೆಯರು, ಕೆಲವೊಮ್ಮೆ ಬ್ಯಾಂಕಿನ ನಿವೃತ್ತರು. ಮೊದಲ ತೊಡಕು ಯಾವಾಗಲೂ ಹೆಸರಿನದು. ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಮರಾಠಿಯ ರೀತಿಯಲ್ಲಿ ತಂದೆಯ ಹೆಸರು ಸೇರಿಸಿದ್ದು, ಭವಿಷ್ಯ ನಿಧಿಯ ಕಡತದಲ್ಲಿ ಇಂಗ್ಲಿಷಿನ ಮೂರನೆಯ ಬಗೆ. ಮೂವರೂ ಒಬ್ಬರೇ ಎಂದು ಸಾಬೀತು ಮಾಡಲು ಅಫಿಡವಿಟ್, ಮಾಲೀಕರ ಸಹಿ. ಮಾಲೀಕರ ಕಂಪನಿಯೇ ಮುಚ್ಚಿದ್ದರೆ ಇನ್ನೂ ಕಷ್ಟ. ಮೊಬೈಲಿಗೂ ಹೆಸರು ಹೊಂದಿಕೆಯಾಗಬೇಕಲ್ಲ, ತೊಡಕು ಇರುವುದೇ ಅಲ್ಲಿ.

ಎರಡನೆಯದು ಪಿಂಚಣಿ. 1995ರ ನವೆಂಬರ್ 16ರಂದು ಬಂದ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ನಮ್ಮವರು ಇಲ್ಲಿ ನಾಲ್ಕು ವರ್ಷ, ಅಲ್ಲಿ ಏಳು ವರ್ಷ ದುಡಿದವರು. ಎರಡನ್ನೂ ಕೂಡಿಸಿದರೆ ಸಿಗುತ್ತದೆ, ನಡುವೆ ಹಣ ತೆಗೆದುಬಿಟ್ಟರೆ ಇಲ್ಲ. "ಕೆಲಸ ಬಿಟ್ಟ ಕೂಡಲೇ ತೆಗೆಯಬೇಡ, ಪಿಂಚಣಿ ಸೇವೆಯ ಪ್ರಮಾಣಪತ್ರ ತೆಗೆದಿಡು" ಎಂದು ಅವರು ಹುಡುಗರನ್ನು ಬೇಡಿಕೊಳ್ಳುತ್ತಿದ್ದರು. ಗಂಡ ಸತ್ತರೆ ಹೆಂಡತಿಗೂ, ಇಪ್ಪತ್ತೈದು ತುಂಬುವವರೆಗೆ ಇಬ್ಬರು ಮಕ್ಕಳಿಗೂ ಬರುತ್ತದೆ ಎಂಬುದು ಅನೇಕರಿಗೆ ತಿಳಿದೇ ಇರಲಿಲ್ಲ.

ಗ್ರಾಚ್ಯುಯಿಟಿಯನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದರು: ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ 26ರಿಂದ ಭಾಗಿಸು, 15ರಿಂದ ಗುಣಿಸು, ಸೇವೆಯ ವರ್ಷಗಳಿಂದ ಗುಣಿಸು. 6,500 ರೂಪಾಯಿ ಸಂಬಳ, ಹದಿನೆಂಟು ವರ್ಷ ಎಂದರೆ 67,500. ಕೆಲವು ಕಡೆ 26ರ ಬದಲು 30ರಿಂದ ಭಾಗಿಸಿ ಕೊಡುತ್ತಿದ್ದರು. ಆಗ ಅದೇ ಮನುಷ್ಯನಿಗೆ ಸಿಗುವುದು 58,500. ಒಂಬತ್ತು ಸಾವಿರ ಮಾಯ. ಅಂಥ ಕಡೆ ಸಾಹೇಬರು ಮಾಲೀಕರಿಗೆ ತಾವೇ ಪತ್ರ ಬರೆಯುತ್ತಿದ್ದರು. ಬಹುಪಾಲು ಜನ ಪತ್ರಕ್ಕೇ ಕೊಟ್ಟುಬಿಡುತ್ತಿದ್ದರು. ದೊಡ್ಡ ಕಂಪನಿಯ ಹಣಕಾಸು ನಿರ್ದೇಶಕನಾಗಿದ್ದವನ ಸಹಿಗೆ ಆ ತೂಕವಿತ್ತು. ನಿವೃತ್ತಿಯ ಮೇಲೆ ಆ ತೂಕವನ್ನು ಇನ್ನೊಂದು ಕಂಪನಿಯ ಆಡಳಿತ ಮಂಡಳಿಗೆ ಒಯ್ಯಬಹುದಿತ್ತು, ಕರೆಯೂ ಬಂದಿತ್ತು. ಭಾನುವಾರದ ಮೇಜಿಗೆ ತಂದರು.

ಈಗ ಒಂದು ಕೆಲಸದ ಮಾತು. ಅವರ ಕಪಾಟಿನಲ್ಲಿದ್ದ ಕಡತಗಳನ್ನು ಮಗಳು ಸಂಘಕ್ಕೆ ತಲುಪಿಸಿದ್ದಾರೆ. ಪ್ರತಿ ಲಕೋಟೆಯ ಮೇಲೆ ಹೆಸರು, ಊರು, ಯಾವ ಹಂತಕ್ಕೆ ಬಂದಿದೆ ಎಂಬುದನ್ನು ಸಾಹೇಬರೇ ಬರೆದಿದ್ದಾರೆ. ಕೆಲವು ಪ್ರಕರಣಗಳು ಅರ್ಧದಲ್ಲಿವೆ. ಕೆಲವರು ಮೂಲ ದಾಖಲೆಗಳನ್ನೇ ಬಿಟ್ಟುಹೋಗಿದ್ದಾರೆ. ಈ ಭಾನುವಾರ ಒಂಬತ್ತಕ್ಕೆ ನಾನು ಅದೇ ಕೋಣೆಯಲ್ಲಿರುತ್ತೇನೆ. ಗುರುತಿನ ಚೀಟಿ ತನ್ನಿ. ತೀರಿಹೋದವರ ಪರವಾಗಿ ಬರುವವರು ಮರಣಪತ್ರದ ಪ್ರತಿಯನ್ನೂ ತನ್ನಿ. ಲೆಕ್ಕ ಬಲ್ಲವರು ಯಾರಾದರೂ ಬಂದು ಕುಳಿತುಕೊಂಡರೆ ಅರ್ಧದಲ್ಲಿರುವುದನ್ನು ಮುಂದುವರಿಸಬಹುದು.

ಕಾರ್ಮಿಕ ಸಂಘದ ಹಳೆಯ ಸದಸ್ಯ, ಕಲ್ಯಾಣ್

ನಮ್ಮ ಘಟಕದ ಪಿಂಚಣಿ ಪ್ರಕರಣಗಳಿದ್ದರೆ ಬೇರೆ ತೆಗೆದಿಡಿ. ಹಾಜರಿ ಪುಸ್ತಕದ ಪ್ರತಿಗಳು ನಮ್ಮ ಕಾರ್ಮಿಕ ಸಂಘದ ಕಪಾಟಿನಲ್ಲಿವೆ, ಸೇವೆಯ ವರ್ಷ ತೋರಿಸಲು ಬೇಕಾಗುತ್ತವೆ. ತರುತ್ತೇನೆ.

ಐರೋಲಿಯ ಯುವಕ

ನಾನು ಸಿ.ಎ. ಇಂಟರ್ ಓದುತ್ತಿದ್ದೇನೆ. ಹತ್ತು ಗಂಟೆಯೊಳಗೆ ಬರಬಲ್ಲೆ. ಅಜ್ಜನ ಲಕೋಟೆಯೂ ಅಲ್ಲಿರಬೇಕು, ಹೊನ್ನಾವರದ ಹೆಸರಿನಲ್ಲಿ ಹುಡುಕಿ.